ಕರಜಗಿ ವಾಡೆಯಿಂದ ಓಡಿಹೋದವಳು

ನಾನು ನಿವೃತ್ತಳಾದಾಗ ಯಾರೂ ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ. ಹುಬ್ಬಳ್ಳಿಯ ನನ್ನ ಪ್ರಕಾಶಕರು ಕಾದಂಬರಿ ಮಾಲೆ ನಿಲ್ಲಿಸಿ ಲಗ್ನಪತ್ರಿಕೆ ಅಚ್ಚು ಹಾಕಲು ಕೂತರು, ಅಲ್ಲಿಗೆ ನನ್ನ ನೌಕರಿ ಮುಗಿಯಿತು. "ಪ್ರೇಮಕ್ಕಿಂತ ಲಗ್ನಕ್ಕ ಗಿರಾಕಿ ಜಾಸ್ತಿ ಅದಾರ ಬಾಯಾರ" ಅಂದರು. ನಮ್ಮನೆಯವರು ಸೊಲ್ಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಈ ಸತ್ಯ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಎಲ್ಲರಿಗೂ ಗೊತ್ತಿದ್ದದ್ದೇ.

ಈಗ ಆಗಾಗ ಹೆಣ್ಣುಮಕ್ಕಳು ಬರುತ್ತಾರೆ. "ಕಾಕು, ನಾವೂ ರಾಜಾ-ರಾಣಿ ಕಾದಂಬರಿ ಬರೀಬೇಕಂತೀವಿ. ಹ್ಯಾಂಗ ಸುರು ಮಾಡೂದು?" ಹಾಗೆ ಕೇಳುವವರಲ್ಲಿ ಅರ್ಧ ಮಂದಿ ಸಾಲೆಯಲ್ಲಿ ಮರಾಠಿ ಕಲಿತವರು, ಕನ್ನಡ ಅಕ್ಷರ ಕೂಡಿಸಿ ಓದುವವರು. ಅವರನ್ನು ನೋಡಿ ನಗಲು ನನಗೆ ಬಾಯಿಲ್ಲ, ನನ್ನ ಹೊಟ್ಟೆಯ ಮಕ್ಕಳೇ ಹಾಗಿದ್ದಾರೆ. ಅವರಿಗೆ ಚಹಾ ಕೊಟ್ಟು ಕಳಿಸುತ್ತೇನೆ, ಆಮೇಲೆ ಸರಿಯಾಗಿ ಏನೂ ಹೇಳಲಿಲ್ಲವಲ್ಲ ಎಂದು ಸಂಜೆ ತನಕ ಕಾಳಜಿ ಮಾಡುತ್ತೇನೆ. ಕಾಳಜಿ ಮಾಡುವುದು ನನ್ನ ಹುಟ್ಟುಗುಣ. ಹಾಲು ಉಕ್ಕದಿದ್ದರೂ ಯಾಕೆ ಉಕ್ಕಲಿಲ್ಲ ಎಂದು ಚಿಂತೆ ಮಾಡುವವಳು ನಾನು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಸುರುವಾದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ನನಗೆ ನಲವತ್ತು ದಾಟಿದ ಮೇಲೆ. ಆವತ್ತು ಊಟಕ್ಕೆ ಕೂತಾಗ ಒಂದು ಕಾದಂಬರಿಯನ್ನು ಬದಿಗೆ ಎಸೆದು, "ಇದಕ್ಕಿಂತ ನಾನ ಛಲೋ ಬರೀತಿದ್ದೆ" ಅಂದುಬಿಟ್ಟೆ. ಬಾಯಿಗೆ ಬಂದ ಮಾತು. ಆದರೆ ನಮ್ಮನೆಯವರು ವ್ಯಾಪಾರಸ್ಥರು. ಗಿರಾಕಿ ಬಾಗಿಲು ದಾಟುವಾಗ ಗೊಣಗಿದ ಮಾತನ್ನೂ ನೆನಪಿಟ್ಟು, ಮುಂದಿನ ಸಲ ಅದೇ ಬಣ್ಣದ ಸೀರೆ ಮುಂದೆ ಹಾಕುವವರು. ಸಂಜೆ ಬರುವಾಗ ಒಂದು ಕಟ್ಟು ಉದ್ದ ಕಾಗದ ತಂದು ನನ್ನ ಮುಂದಿಟ್ಟರು.

"ಇದೇನ್ರಿ?"

"ಬರೀತೀನಿ ಅಂದಿದ್ದೆಲ್ಲ. ಬರಿ."

"ಚೇಷ್ಟಾ ಮಾಡ್ತೀರೇನು?"

"ನಾ ಯಾವಾಗರ ಮಾಲ್ ತಂದು ಚೇಷ್ಟಾ ಮಾಡೀನೇನು?"

ಹೀಗೆ, ತಂದ ಮಾಲು ಕೆಡಬಾರದೆಂದು ನಾನು ಕಾದಂಬರಿಗಾರ್ತಿ ಆದೆ.

ಪ್ರಕಾಶಕರ ಹೆಸರು ರಾಚಪ್ಪನವರು. ಎಲ್ಲ ಕೆಲಸದಲ್ಲೂ ಮೇಲಧಿಕಾರಿ ಒಬ್ಬ ಇರುತ್ತಾನೆ, ನನಗೆ ಅವರು. ನನ್ನ ಮೊದಲ ಹಸ್ತಪ್ರತಿ ಹೊಳ್ಳಿ ಬಂದಾಗ ಪುಟ ಪುಟಕ್ಕೂ ಕೆಂಪು ಶಾಯಿಯ ಸುತ್ತು. "ರಾಣಿ ಗಡಬಡಿಸಿ ಖಿಡಕಿ ತೆರೆದಳು" ಎಂದು ಬರೆದಿದ್ದೆ. ಪಕ್ಕದಲ್ಲಿ ಅವರ ಅಕ್ಷರ: "ಈಕೆ ಯಾವ ರಾಜ್ಯದ ರಾಣಿ? ಸೊಲ್ಲಾಪುರದವಳೇ?" ಖಿಡಕಿ ಮರಾಠಿ ಮಾತು ಎಂಬುದೇ ನನಗೆ ಹೊಳೆದಿರಲಿಲ್ಲ. ನಮ್ಮ ಮನೆಗೆ ಇರುವುದೆಲ್ಲ ಖಿಡಕಿಗಳೇ. ಕಿಟಕಿ ಎಂಬುದು ಪುಸ್ತಕದಲ್ಲಿರುತ್ತದೆ.

ಅದಕ್ಕಿಂತ ದೊಡ್ಡ ಫಜೀತಿ ಶೇಂಗಾ ಚಟ್ನಿಯದು. ನನ್ನ ಎರಡನೇ ಕಾದಂಬರಿಯಲ್ಲಿ ಚಾಲುಕ್ಯರ ರಾಜಕುಮಾರಿ ಬೇಟೆಗೆ ಹೋಗುವಾಗ ಸಖಿ ಆಕೆಗೆ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾಳೆ. ನಿವೃತ್ತ ಇತಿಹಾಸ ಮಾಸ್ತರರೊಬ್ಬರು ರಾಚಪ್ಪನವರಿಗೆ ಬರೆದರು: ಶೇಂಗಾ ಈ ದೇಶಕ್ಕೆ ಬಂದದ್ದು ಎಷ್ಟೋ ಶತಮಾನದ ಮೇಲೆ, ಮೆಣಸಿನಕಾಯಿಯೂ ಹಾಗೆಯೇ, ಲೇಖಕಿಗೆ ತಿಳಿಸಿರಿ. ಆವತ್ತಿನಿಂದ ನನ್ನ ನಿದ್ದೆ ಹೋಯಿತು. ಬಟಾಟಿ ಇಲ್ಲ, ಟಮಾಟಿ ಇಲ್ಲ, ಮೆಣಸಿನಕಾಯಿ ಇಲ್ಲ. ಆ ಮಂದಿ ಇಷ್ಟು ಸಪ್ಪನೆಯ ಊಟ ಉಂಡು ಅಷ್ಟು ಯುದ್ಧ ಹೇಗೆ ಮಾಡಿದರೋ! ಆಮೇಲೆ ನನ್ನ ರಾಜರೆಲ್ಲ ಹಣ್ಣು ತಿಂದರು, ಹಾಲು ಕುಡಿದರು. ಹಣ್ಣಿನ ಹೆಸರು ಹಾಕುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಇನ್ನು ಪ್ರೇಮ. ಹುಡುಗಿಯರು ತಲೆ ತಗ್ಗಿಸಿ ಕೇಳುವುದು ಇದನ್ನೇ. ನಾನು ಬರೆಯುತ್ತಿದ್ದದ್ದು ಮಧ್ಯಾಹ್ನ, ಅಡುಗೆಮನೆಯ ಹೊಸ್ತಿಲ ಹತ್ತಿರ. ಅತ್ತೆಯವರು ಒಳಗೆ ಬೇಳೆ ಆರಿಸುತ್ತ ಕೂತಿರುತ್ತಿದ್ದರು. ನಾಯಕ ನಾಯಕಿಯ ಕೈ ಹಿಡಿಯಬೇಕು ಅನ್ನುವಷ್ಟರಲ್ಲಿ, "ಏನವಾ, ಒಬ್ಬಾಕೀನ ನಗಾಕತ್ತೀದಿ?" ಎಂದು ದನಿ ಬರುತ್ತಿತ್ತು. ಇಲ್ಲವೇ ಬಾಜೂ ಮನೆಯ ವಹಿನಿ ಸಕ್ಕರೆ ಕೇಳಲು ಬರುತ್ತಿದ್ದಳು. ಹೀಗಾಗಿ ನನ್ನ ಎಲ್ಲ ಕಾದಂಬರಿಗಳಲ್ಲಿ ಪ್ರೇಮಿಗಳು ಹತ್ತಿರ ಬಂದ ಕೂಡಲೇ ಒಬ್ಬ ದೂತ ಓಡಿ ಬರುತ್ತಾನೆ. ಧಾರವಾಡದ ಕಡೆಯ ವಿಮರ್ಶಕರೊಬ್ಬರು ಇದನ್ನು "ಅಪರೂಪದ ಸಂಯಮ" ಎಂದು ಹೊಗಳಿದರು. ಸಕ್ಕರೆಯ ವಹಿನಿಗೆ ನಾನು ಅದನ್ನು ಓದಿ ಹೇಳಲಿಲ್ಲ.

ಇವೆಲ್ಲ ಸಣ್ಣ ಮಾತು. ಈ ಕೆಲಸದ ಖರೇ ರೂಪ ನನಗೆ ತಿಳಿದದ್ದು ಕರಜಗಿಯ ಪ್ರಕರಣದಲ್ಲಿ.

ಒಮ್ಮೆ ಎಸ್.ಟಿ. ಬಸ್ಸು ಕರಜಗಿಯಲ್ಲಿ ಕೆಟ್ಟು ನಿಂತಿತು. ಅಕ್ಕಲಕೋಟೆ ತಾಲೂಕಿನ ಈ ಊರಲ್ಲಿ ನಮ್ಮಂಥವರೇ, ಕನ್ನಡ ಮಾತಾಡುವ ಮಂದಿ. ಎದುರಿಗೆ ಒಂದು ಹಳೆಯ ವಾಡೆ ಇತ್ತು, ಆನೆ ಹೊಗುವಂಥ ಬಾಗಿಲು, ಬಾಗಿಲ ಮೇಲೆ ಹಿತ್ತಾಳೆಯ ಮೊಳೆಗಳು. ಮೆಕ್ಯಾನಿಕ ಬರುವ ತನಕ ನಾನು ಅದನ್ನೇ ನೋಡುತ್ತ ಕೂತೆ. ಮನೆಗೆ ಬಂದು 'ವಾಡೆಯ ಹಂಸಲಾ' ಬರೆದೆ. ಬಾದಶಾಹಿ ಕಾಲ, ಕರಜಗಿ ವಾಡೆಯ ಒಬ್ಬಳೇ ಮಗಳು ಹಂಸಲಾ, ಲಗ್ನದ ಹಿಂದಿನ ರಾತ್ರಿ ವೈರಿ ಪಾಳೆಯದ ಸರದಾರನ ಕುದುರೆ ಏರಿ ಹೊರಟುಹೋಗುತ್ತಾಳೆ. ನನ್ನ ಪುಸ್ತಕಗಳಲ್ಲಿ ಮಂದಿ ಮೆಚ್ಚಿದ್ದು ಅದೊಂದೇ. ಊರಿನ ಹೆಸರನ್ನು ಹಾಗೇ ಇಟ್ಟಿದ್ದೆ. ಕಿವಿಗೆ ಛಲೋ ಅನಿಸಿತ್ತು, ಅಷ್ಟೇ.

ಪುಸ್ತಕ ಬಂದು ಕೆಲವು ಕಾಲದ ಮೇಲೆ ಒಬ್ಬ ಹಿರಿಯರು ಅಂಗಡಿಗೆ ಬಂದರು. ತಲೆಗೆ ಸುತ್ತಿದ ಬಿಳಿ ಪಟಗಾ, ತೋಳಿನ ಮೇಲೆ ಮಡಚಿದ ಶಲ್ಯ. ನಮ್ಮನೆಯವರು ರೂಢಿಯಂತೆ ಗಾದಿಯ ಮೇಲೆ ಕೂರಿಸಿದರು. "ಬರ್ರಿ ಬರ್ರಿ, ಲಗ್ನದ ಜವಳಿ ಏನ್ರಿ?"

"ಜವಳಿ ಆಮ್ಯಾಲ ರೀ. ಮೊದಲ ಲಗ್ನಾ ಉಳಿಸಿ ಕೊಡ್ರಿ. ಪುಸ್ತಕಾ ಬರಿಯೂ ಬಾಯಾರು ಇದ ಮನ್ಯಾಗ ಇರ್ತಾರಂತಲ್ಲ?"

ನಮ್ಮ ಮನೆ ಅಂಗಡಿಯ ಮೇಲೆಯೇ. ನನ್ನನ್ನು ಕರೆದರು. ಇಳಿದು ಬಂದೆ.

"ನಾ ಗುರುಪಾದಪ್ಪ ಅಂತ ರೀ. ಕರಜಗಿ ವಾಡೇದಾಂವ."

ನಾನು ಕಡೆಯ ಮೆಟ್ಟಿಲ ಮೇಲೆಯೇ ಕೂತೆ.

"ನಿಮ್ಮ ಪುಸ್ತಕದಾಗ ನಮ್ಮ ಮನಿ ಹುಡುಗಿ ಕುದುರಿ ಏರಿ ವೈರಿ ಜೋಡಿ ಓಡಿ ಹೋಗ್ಯಾಳ. ಹೌದಲ್ರಿ?"

"ನಿಮ್ಮ ಮನಿ ಹುಡುಗಿ ಅಲ್ರಿ ಕಾಕಾ. ಅದು ಕಥಿ."

"ಅದು ಕಥಿ ಅಂತ ನನಗ ಗೊತ್ತೈತ್ರಿ. ನಮ್ಮ ಹಿರ್ಯಾರು ಕುದುರಿ ಕಟ್ಟಿದವರ ಅಲ್ಲ, ಎಮ್ಮಿ ಕಟ್ಟಿದವರು. ಎಮ್ಮಿ ಏರಿ ಯಾವಾಕಿ ಓಡ್ತಾಳ? ಆದರ ಅಕ್ಕಲಕೋಟಿ ಮುದುಕಿಗೆ ಅದನ್ನ ಯಾರು ಹೇಳಾವ್ರು?"

ಆಗ ವಿಷಯ ತಿಳಿಯಿತು. ಅವರ ಮಗಳು ಸುಗಲಾ. ಅಕ್ಕಲಕೋಟೆಯ ಸಾಲಿ ಮಾಸ್ತರ ಮಾದೇವ ಬಂದು ನೋಡಿ ಹೋಗಿದ್ದ. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು, ಹಿರಿಯರು ಒಪ್ಪಿದರು. ಹುಡುಗನ ಅಜ್ಜಿ ಭಾಗವ್ವ ಆಯಿ ಒಬ್ಬಳು ಒಪ್ಪಲಿಲ್ಲ. ಆಕೆಗೆ ಕಣ್ಣು ಮಂದ. ಮಧ್ಯಾಹ್ನ ಸಾಲೆ ಬಿಟ್ಟ ಮೇಲೆ ಮೊಮ್ಮಗ ಕಾದಂಬರಿ ಓದಿ ಹೇಳಬೇಕು. 'ವಾಡೆಯ ಹಂಸಲಾ'ವನ್ನು ಆಕೆ ಮೂರು ಸಲ ಓದಿಸಿ ಕೇಳಿದ್ದಳಂತೆ. ಹುಡುಗಿ ಕರಜಗಿ ವಾಡೆಯವಳು ಎಂದು ಗೊತ್ತಾದ ಕೂಡಲೇ, "ಹಂಸಲಾನ ಮನಿ ಹೆಣ್ಣ? ಅಕ್ಕಿಕಾಳ ಬೀಳೂ ಮುಂದ ಕುದುರಿ ಸಪ್ಪಳ ಕೇಳಿದರ ಏನ ಮಾಡಲಿ?" ಅಂದಳಂತೆ.

"ಮಗಳು ಎರಡ ತುತ್ತು ಸುದ್ದಾ ನೆಟ್ಟಗ ಉಣವಲ್ಲಳ್ರಿ," ಗುರುಪಾದಪ್ಪ ಶಲ್ಯದಿಂದ ಮುಖ ಒರೆಸಿಕೊಂಡರು. "ಆ ಹುಡುಗನ ಮ್ಯಾಲ ಆಕಿ ಮನಸ ಆಗೇತಿ. ಮತ್ತ, ಈ ಸಂಬಂಧ ತಪ್ಪಿದರ ಮುಂದಿನವರು ಯಾಕ ತಪ್ಪಿತು ಅಂತ ಕೇಳ್ತಾರ. ಆವಾಗ ಎಲ್ಲಾರೂ ಆ ಪುಸ್ತಕಾ ಓದ್ತಾರ."

ಎಲ್ಲರೂ ಓದುತ್ತಾರೆ ಎಂಬ ಮಾತು ಒಂದು ಕ್ಷಣ ನನ್ನ ಕಿವಿಗೆ ಹಿತವಾಯಿತು. ಲೇಖಕರ ಜಾತಿ ಎಂಥದು ನೋಡಿ.

"ಬರ್ತೀನ್ರಿ," ಅಂದೆ. "ನಾನ ಬಂದು ಹೇಳ್ತೀನಿ."

ಅಕ್ಕಲಕೋಟೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಹೊಂದಿಸಿದೆ. ಮುದುಕಿ ಬೈದರೆ? ಅತ್ತರೆ? ನಾನೇ ಅತ್ತರೆ? ನಮ್ಮನೆಯವರು ಶೇಂಗಾ ತಿನ್ನುತ್ತ ಕೂತಿದ್ದರು. "ನೀ ಸುಳ್ಳ ಬರದೀನಿ ಅಂತ ಹೇಳಾಕ ಹೊಂಟೀದಿ. ಅಷ್ಟು ಖರೇ ಮಾತ ಹೇಳಾಕ ಇಷ್ಟ ತಯಾರಿ ಯಾಕ ಬೇಕ?" ಎಂದರು. ಗುರುಪಾದಪ್ಪ ಬಸ್ ಸ್ಟ್ಯಾಂಡಿನಲ್ಲೇ ಉಳಿದರು. ಬೇಡ ಅಂದ ಮನೆಯ ಬಾಗಿಲಿಗೆ ಹೆಣ್ಣಿನ ತಂದೆ ಕರೆಯದೆ ಹೋಗಬಾರದು.

ಭಾಗವ್ವ ಆಯಿ ಪಡಸಾಲೆಯಲ್ಲಿ ಕಂಬಕ್ಕೆ ಆತು ಕೂತಿದ್ದಳು. ಸಣ್ಣ ಜೀವ. ಮಾದೇವ ನನ್ನ ಹೆಸರು ಹೇಳಿದ ಕೂಡಲೇ ಎರಡೂ ಕೈ ಮುಂದೆ ಚಾಚಿದಳು.

"ನೀನs ಏನ ಹಂಸಲಾನ್ನ ಬರದಾಕಿ? ಬಾ, ನನ್ನ ಬಾಜೂಕ ಕೂಡು. ಬಲಗೈ ಕೊಡು ನೋಡೂನು." ನನ್ನ ಬೆರಳನ್ನು ಒಂದೊಂದಾಗಿ ಹಿಸುಕಿ ನೋಡಿದಳು. "ರೊಟ್ಟಿ ಬಡಿಯೂ ಕೈನs ಅದ."

ಇಷ್ಟು ವರ್ಷ ಇಂಥ ಒಬ್ಬ ಓದುಗಿತ್ತಿಗಾಗಿ ಕಾದಿದ್ದೆ. ಈಗ ಆಕೆಯ ಮುಂದೆ ಕೂತು ಹೇಳಬೇಕು.

"ಆಯಿ, ಆ ಕಥಿ ಖರೇ ಅಲ್ಲ."

"ಯಾವುದು ಖರೇ ಅಲ್ಲ?"

"ಯಾವುದೂ ಅಲ್ಲ. ಹಂಸಲಾ ಅಂಬಾಕಿ ಹುಟ್ಟೇ ಇಲ್ಲ."

"ಹುಟ್ಟಲಾರದ ಓಡಿ ಹೋದಳೇನು?"

ಮಾದೇವ ನಡುವೆ ಬಾಯಿ ಹಾಕಿದ. "ಆಯಿ, ನಾನೂ ಹೇಳೀನಲ್ಲ, ಕಾದಂಬರಿ ಅಂದ್ರ ಕಲ್ಪನಾ."

"ನೀ ಸುಮ್ಮಿರೋ. ನಿನಗ ಆ ಹುಡುಗಿ ಬೇಕಾಗ್ಯಾಳ, ನೀ ಏನ ಬೇಕಾದ್ದ ಹೇಳ್ತಿ. ಕಲ್ಪನಾ ಇದ್ದರ ಅದನ್ನ ಓದೂ ಮುಂದ ನಿನ್ನ ದನಿ ಯಾಕ ನಡಗತಿತ್ತು?"

ಮಾಸ್ತರ ಕೆಂಪಗಾಗಿ ಗೋಡೆ ನೋಡಿದ.

ನಾನು ಪುರಾವೆ ಕೊಡಲು ಹೊರಟೆ. ಬಾಗಿಲನ್ನು ಕೆಟ್ಟ ಬಸ್ಸಿನಿಂದ ನೋಡಿದ್ದು ಅಂದೆ. ಸರದಾರನ ಕುದುರೆ ಸೊಲ್ಲಾಪುರ ಸ್ಟೇಶನ್ ಮುಂದಿನ ಟಾಂಗಾದ ಕುದುರೆ, ಬಿಳಿ ಹಣೆಯದು. ಸರದಾರನ ಮೀಸೆ ನಮ್ಮ ಅಂಗಡಿಗೆ ಸೂರತದಿಂದ ಬರುವ ಏಜೆಂಟನದು.

"ಯಾರು?" ನಮ್ಮನೆಯವರು ಎದ್ದು ಕೂತರು. "ಆ ರೇಯಾನ್ ಸೀರಿಯವನದಾ?"

"ಮೀಸಿ ಅಷ್ಟ ರೀ."

"ಅವನ ಮಾಲ್ ನಾ ಇನ್ನ ಮ್ಯಾಲ ತಗೊಳ್ಳಾಂಗಿಲ್ಲ."

ಆಯಿ ಎಲ್ಲ ಕೇಳಿಸಿಕೊಂಡಳು. "ಬಾಗಿಲಾ ಖರೇ, ಕುದುರಿ ಖರೇ, ಮೀಸಿ ಖರೇ. ಹುಡುಗಿ ಅಷ್ಟ ಸುಳ್ಳೇನು? ಮತ್ತ ನಾ ಅತ್ತದ್ದು?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ನೀವು ನನಗಿಂತ ಛಲೋ ಬರೆಯುತ್ತೀರಿ.

ಆಯಿ ನನ್ನ ಕಡೆ ಸರಿದಳು. "ಹಂಗಾದರ ಒಂದ ಕೆಲಸ ಮಾಡು. ಆಕಿ ಹೋದ ಮರುದಿನ ಮುಂಜಾನಿ ಆಕಿ ತಾಯಿ ಏನ ಮಾಡಿದಳು? ನಿನ್ನ ಪುಸ್ತಕದಾಗ ಅದಿಲ್ಲ. ನೀ ಕುದುರಿ ಬೆನ್ನ ಹತ್ತಿ ಹೋದಿ, ಮನಿ ಕಡೆ ಹೊಳ್ಳಿ ನೋಡಲಿಲ್ಲ. ಈಗ ಹೇಳು. ನಡದದ್ದ ಇದ್ದರ ನೀ ಯಾರನ್ನರ ಕೇಳಿ ಬರಬೇಕಾಗ್ತದ. ನೀನ ಹುಟ್ಟಿಸಿದ್ದಿದ್ದರ ನನ್ನ ಮುಂದ ಹುಟ್ಟಸು. ಹುಟ್ಟಿತಂದ್ರ ಸುಳ್ಳಂತ ಒಪ್ಪತೀನಿ, ಹುಡುಗಿನ್ನ ತರ್ತೀನಿ."

ನಾನು ಒಂದು ಪುಟ ಬರೆಯಲು ಮೂರು ಸಲ ಹರಿದು ಹಾಕುವವಳು. ಈಗ ಕಾಗದ ಇಲ್ಲ, ದೂತನನ್ನು ಓಡಿಸಿ ತರಲು ವೇಳೆ ಇಲ್ಲ. ಮಾದೇವ ನನ್ನ ಬಾಯಿಯನ್ನೇ ನೋಡುತ್ತಿದ್ದ. ಆತನ ತಾಯಿ ಒಳಬಾಗಿಲಲ್ಲಿ ಬಂದು ನಿಂತಳು. ನಮ್ಮನೆಯವರ ಕೈಯಲ್ಲಿ ಶೇಂಗಾದ ಪುಡಿಕೆ ಹಾಗೇ ಉಳಿಯಿತು. ನಾನು ಬಾಯಿ ತೆರೆಯದಿದ್ದರೆ ಸುಗಲಾ ಎಂಬ ನಾನು ನೋಡದ ಹುಡುಗಿಯ ಬಾಳು, ನಾನು ಕಂಡ ಒಂದು ಬಾಗಿಲಿಗೆ ಸಿಕ್ಕು ಹಾಕಿಕೊಂಡು ಉಳಿಯುತ್ತದೆ.

"ಬೆಳಗಾತು," ಅಂದೆ. ಎಲ್ಲ ಕೆಟ್ಟ ಲೇಖಕರೂ ಹಾಗೇ ಸುರು ಮಾಡುತ್ತಾರೆ. "ಸನಾದಿಯವರು ಬಂದು ಕಟ್ಟಿ ಮ್ಯಾಲ ಕೂತರು. ತಾಯಿ ಎದ್ದಳು. ಮಗಳ ಖೋಲಿಗೆ ಹೊರಗಿಂದ ಚಿಲಕಾ ಹಾಕಿದಳು. ಹಿತ್ತಲಾಗಿಂದ ಬೇವಿನ ಟೊಂಗಿ ತಂದು ಬಾಗಿಲಿಗೆ ಸಿಗಸಿದಳು."

"ಬೇವ ಯಾಕ?"

"'ಮಗಳಿಗೆ ಅಮ್ಮ ಬಂದಾಳ, ಮೈ ತುಂಬ ಗುಳ್ಳಿ ಎದ್ದಾವ, ಯಾರೂ ಒಳಗ ಹೋಗಬ್ಯಾಡ್ರಿ' ಅಂದಳು."

ಆಯಿಯ ಕೈ ನನ್ನ ಕೈ ಮೇಲೆ ಬಿಗಿಯಾಯಿತು. "ಅಂದ್ರ... ಆಕಿಗೆ ಗೊತ್ತಿತ್ತೇನು?"

"ಗೊತ್ತಿತ್ತು. ನನಗ ಗೊತ್ತಿರಲಿಲ್ಲ ಆಯಿ. ಈಗ ಗೊತ್ತಾತು."

"ಮುಂದ ಹೇಳು, ಮುಂದ ಹೇಳು."

"ಕುದುರಿ ಚೀಲದಾಗ ರೊಟ್ಟಿ ಕಟ್ಟಿ ಇಟ್ಟಾಕಿ ತಾಯಿನs. ಮಗಳಿಗೆ ಅದು ತಿಳಿಯಲಿಲ್ಲ. ಯಾರಿಗೂ ಹೇಳದs ಬಂದೀನಿ ಅಂತ ಆಕಿ ತಿಳಕೊಂಡಾಳ. ಇತ್ತ ತಾಯಿ ಬಾಗಿಲ ಮುಂದ ಕೂತು, ಹೊತ್ತ ಮುಳುಗೂ ತನಕಾ ಖಾಲಿ ಖೋಲಿ ಜೋಡಿ ಮಾತಾಡಿದಳು. 'ನೀರ ಬೇಕೇನವಾ? ಭಾಳ ತುರಸತದೇನು? ಕೆರಕೋಬ್ಯಾಡ ನನ್ನವ್ವಾ.' ಮಂದಿ ಕೇಳಲಿ ಅಂತ. ಅಷ್ಟರಾಗ ಕುದುರಿ ಭೀಮಾ ಹೊಳಿ ದಾಟಿತು."

"ಅತ್ತಳೇನು?"

"ಹ್ಯಾಂಗ ಅಳತಾಳ? ಅತ್ತರ ಮಗಳು ಸತ್ತಳು ಅಂತ ಮಂದಿ ಬಾಗಿಲಾ ತಗೀತಾರ."

ಭಾಗವ್ವ ಆಯಿ ಅತ್ತಳು. ಸೆರಗು ಬಾಯಿಗೆ ಒತ್ತಿಕೊಂಡು, ಮಂದಿಗೆ ಕೇಳಿಸಬಾರದು ಎನ್ನುವ ಹಾಗೆ ಅತ್ತಳು. ನಾನೂ ಅತ್ತೆ, ನನಗೆ ನಾಚಿಕೆಯಿಲ್ಲ. ಆಮೇಲೆ ಆಕೆ ಕಣ್ಣೊರೆಸಿಕೊಂಡು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಭಾಳ ದೊಡ್ಡ ಸುಳ್ಳಿ ಇದ್ದೀಯವಾ ನೀ! ನನ್ನ ಮುಂದ ಕೂತು, ನನ್ನ ಕೈ ಹಿಡಕೊಂಡು, ತಾಯಿನ್ನ ಹುಟ್ಟಿಸಿದಿ." ಮೊಮ್ಮಗನ ಕಡೆ ತಿರುಗಿದಳು. "ಮಾದೇವಾ, ಕರಜಗಿಯವರಿಗೆ ಹೇಳಿ ಕಳಸು. ಬರೂ ಸೋಮವಾರ ಸಾಖರಪುಡಾ ಮಾಡಿ ಲಗ್ನಾ ನಿಶ್ಚಯ ಮಾಡೂನು. ಆ ಮನ್ಯಾಗಿಂದ ಯಾರೂ ಓಡಿ ಹೋಗಿಲ್ಲ."

ಮಾವನಾಗುವವರು ಬಸ್ ಸ್ಟ್ಯಾಂಡಿನಲ್ಲೇ ಕೂತಿದ್ದಾರೆ ಎಂದು ನಮ್ಮನೆಯವರು ಹೇಳಿ ಮುಗಿಸುವಷ್ಟರಲ್ಲಿ ಮಾದೇವ ಚಪ್ಪಲಿ ಬಿಟ್ಟು ಸೈಕಲ್ಲು ಏರಿ ಹೋಗಿದ್ದ. ನನ್ನ ಯಾವ ಸರದಾರನೂ ಅಷ್ಟು ಜೋರಾಗಿ ಹೋದದ್ದಿಲ್ಲ.

ಹೊರಡುವಾಗ ಮಾದೇವನ ತಾಯಿ ನನಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸಕ್ಕೆ ಒಂದು ಖಣ. ಸೆರಗು ಗಂಟು ಹಾಕಿ ಏಳಬೇಕು, ಅಷ್ಟರಲ್ಲಿ ಆಯಿ ಸೊಸೆಗೆ ಟ್ರಂಕಿನ ಕೀಲಿ ಕೊಟ್ಟು ಇನ್ನೊಂದು ಖಣ ತರಿಸಿದಳು.

"ಇನ್ನೊಮ್ಮೆ ಸೆರಗ ಒಡ್ಡು," ಎಂದಳು.

"ಅತ್ತಿ, ನೀವು..." ಸೊಸೆ ಅಂದು ಅರ್ಧಕ್ಕೆ ನಿಲ್ಲಿಸಿದಳು. ಆಯಿಯ ಹಣೆಯಲ್ಲಿ ಕುಂಕುಮ ಇರಲಿಲ್ಲ.

"ಗೊತ್ತದ. ಗಂಡ ಇಲ್ಲದಾಕಿ ಇನ್ನೊಬ್ಬರ ಉಡಿ ತುಂಬಬಾರದು. ಅದು ಇದ್ದವರ ಮಾತು. ಹುಟ್ಟೇ ಇಲ್ಲದಾಕಿ ಉಡಿ ನಾ ತುಂಬಿದರ ಯಾರಿಗೆ ಕೇಡ ಆಗ್ತದ?" ಹಿಡಿ ತುಂಬ ಅಕ್ಕಿ ತೆಗೆದುಕೊಂಡಳು. ತಡವಿ ನನ್ನ ಸೆರಗು ಹುಡುಕಿ ಸುರಿದಳು. "ತಾಯಿಗೆ ತುಂಬಾಕ ಆಗಲಿಲ್ಲ, ಪಾಪ. ಬಾಗಿಲಾ ಕಾಯ್ಕೋತ ಕೂತಿದ್ದಳು. ಇದನ್ನ ಹಂಸಲಾಗ ಮುಟ್ಟಸು."

ಬಸ್ಸಿನಲ್ಲಿ ನಮ್ಮನೆಯವರು ಎರಡೂ ಖಣ ತೆಗೆದು ಬೆಳಕಿಗೆ ಹಿಡಿದರು, ಹೆಬ್ಬೆಟ್ಟಿನಿಂದ ತಿಕ್ಕಿ ನೋಡಿದರು. "ನಿನಗ ಕೊಟ್ಟದ್ದು ಸಾದಾ ಅದ. ಆಕಿಗೆ ಕೊಟ್ಟದ್ದು ಗುಳೇದಗುಡ್ಡದ್ದು, ಹಳೇ ರೇಷ್ಮಿ. ಇಂಥಾ ಮಾಲ್ ಈಗ ಸಿಗಂಗಿಲ್ಲ," ಎಂದರು. ಸ್ವಲ್ಪ ತಡೆದು, "ಆತು ಬಿಡು, ಆಕಿ ದೊಡ್ಡ ಮನಿ ಹುಡುಗಿ," ಎಂದು ಮಡಚಿ ನನ್ನ ತೊಡೆಯ ಮೇಲಿಟ್ಟರು.

ಆ ತಾಯಿಯ ಪ್ರಸಂಗ ಎಲ್ಲೂ ಅಚ್ಚಾಗಿಲ್ಲ. ಎರಡನೇ ಮುದ್ರಣಕ್ಕೆ ಸೇರಿಸುತ್ತೇನೆ ಅಂದಾಗ ರಾಚಪ್ಪನವರು ಪುಟ ಹೆಚ್ಚಾಗುತ್ತವೆ ಅಂದರು. ಸುಗಲಾಳ ಮದುವೆಗೆ ಹೋಗಿ ಉಂಡು ಬಂದೆವು. ಎರಡೂ ಉಡಿಯ ಅಕ್ಕಿಯನ್ನು ಕೂಡಿಸಿ ಹುಗ್ಗಿ ಮಾಡಿದೆ. ನನ್ನ ಖಣ ಹೊಲಿಸಿ, ತೊಟ್ಟು, ಅದು ಹರಿದೂ ಹೋಯಿತು. ಇನ್ನೊಂದು, ಹಂಸಲಾಳದು, ಹಾಗೇ ಇದೆ. ಟ್ರಂಕಿನಲ್ಲಿಟ್ಟರೆ ನುಸಿ ತಿಂದೀತು ಎಂಬ ಕಾಳಜಿ ಹತ್ತಿ, ಹೋದ ದೀಪಾವಳಿಗೆ ಅದನ್ನು ನಮ್ಮ ಓಣಿಯ ದರ್ಜಿಯ ಹತ್ತಿರ ಒಯ್ದೆ. ಅವನು ಖಣ ಬಿಡಿಸಿ ನೋಡಿ ಹುಬ್ಬು ಏರಿಸಿದ. ಆಮೇಲೆ ಕೊರಳಿನ ಟೇಪು ತೆಗೆದು, ಯಾರ ಅಳತೆ ತೆಗೆದುಕೊಳ್ಳಲಿ ಎಂದು ಮರಾಠಿಯಲ್ಲಿ ಕೇಳಿದ.

ಖಣ ಮಡಚಿಕೊಂಡು ಮನೆಗೆ ಬಂದೆ.